ಉಕ್ಕಿನೊಳಗೆ ಕೂತ ಗಾಳಿ

"ಅದರ ಮೇಲೆ ಉಸಿರು ಬಿಡಬೇಡಿ ಸರ್. ಮಂಜು ಕೂತ್ಕೊಳ್ಳುತ್ತೆ."

ಬಗ್ಗಿ ನೋಡುತ್ತಿದ್ದ ಇನ್ಸ್‌ಪೆಕ್ಟರ್ ತಟ್ಟನೆ ನೆಟ್ಟಗಾದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಎಷ್ಟೋ ಜನರನ್ನು "ಉಸಿರೆತ್ತಬೇಡ" ಎಂದು ಗದರಿದ್ದರು. ಅದೇ ಮಾತನ್ನು ಅವರಿಗೆ ಹೇಳಿದವರು ಇದುವರೆಗೆ ಹೆಂಡತಿಯೊಬ್ಬಳೇ.

ಮೇಜಿನ ಮೇಲಿದ್ದದ್ದು ಕಪ್ಪು ಬಿಲ್ಲೆಯೊಂದರಲ್ಲಿ ಕೂರಿಸಿದ, ಕೋಟಿನ ಗುಂಡಿಯಷ್ಟು ಅಗಲದ ಉಕ್ಕಿನ ತುಂಡು. ಬೆಳಿಗ್ಗೆ ಅದು ಬೂದುಬಣ್ಣದ ಒರಟು ಲೋಹ. ಒಂದಕ್ಕಿಂತ ಒಂದು ನಯವಾದ ಆರು ಬಗೆಯ ಎಮರಿ ಕಾಗದ, ಆಮೇಲೆ ಬಟ್ಟೆ ಹೊದ್ದ ತಿರುಗುವ ಚಕ್ರ, ಅದರ ಮೇಲೆ ವಜ್ರದ ಪುಡಿ. ಈಗ ಮೂರು ಗಂಟೆಗೆ ಅದರಲ್ಲಿ ಇನ್ಸ್‌ಪೆಕ್ಟರರ ಮೀಸೆ ಕಾಣುತ್ತಿತ್ತು, ಎಷ್ಟು ಕೂದಲು ಬೆಳ್ಳಗಾಗಿವೆ ಎಂಬ ಲೆಕ್ಕದ ಸಮೇತ. ಕಾರ್ಖಾನೆಯ ಲ್ಯಾಬಿನಲ್ಲಿ ಉಕ್ಕು ಪರೀಕ್ಷಿಸುವ ಈ ಹೆಂಗಸನ್ನು ಗೇಟಿನವನಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಕನ್ನಡಿ ಅಕ್ಕ ಎಂದು ಏಕೆ ಕರೆಯುತ್ತಾರೆಂದು ಅವರು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೂರು ದಿನದ ಹಿಂದೆ ಇದೇ ಉಕ್ಕಿನ ಕಾರ್ಖಾನೆಯ ಗುಜರಿ ಅಂಗಳದಲ್ಲಿ ಕ್ರೇನಿನ ದೊಡ್ಡ ಅಯಸ್ಕಾಂತ, ಅದನ್ನು ತೂಗಿ ಹಿಡಿದಿದ್ದ ಪಿನ್ನು ಮುರಿದು, ಕೆಳಗೆ ನಿಂತಿದ್ದ ತಪಾಸಣೆ ಅಧಿಕಾರಿಯ ಮೇಲೆ ಬಿದ್ದಿತ್ತು. ಆ ಪಿನ್ನಿನ ಉಕ್ಕು ಕರಗಿಸಿದವನು ಕುಲುಮೆಯಣ್ಣ. ಸತ್ತ ಅಧಿಕಾರಿ ಹಿಂದಿನ ತಿಂಗಳು ಅವನು ಕರಗಿಸಿ ಎರೆದ ಮೂರು ಪಾಕಗಳನ್ನು ಒಂದರ ಹಿಂದೊಂದು ತಿರಸ್ಕರಿಸಿದ್ದ. ಆಗ ಕ್ಯಾಂಟೀನಿನಲ್ಲಿ ನೂರು ಜನರ ಮುಂದೆ ಕುಲುಮೆಯಣ್ಣ ಕೂಗಿದ್ದ: "ನನ್ನ ಉಕ್ಕು ಒಂದಿನ ನಿನ್ನ ತಲೆ ಮೇಲೇ ಬೀಳುತ್ತೆ ನೋಡ್ತಿರು!"

ಬಾಯಿ ಬಿಟ್ಟರೆ ಬಣ್ಣಗೇಡು. ಈಗ ಅವನು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ. ಐದು ಗಂಟೆಗೆ ಕೊಲೆಯ ಆರೋಪದಲ್ಲಿ ಬಂಧನ ಎಂದು ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರು ಹೇಳಿಯಾಗಿತ್ತು. ಅಷ್ಟರೊಳಗೆ ಈ ಪಿನ್ನು ಏನಾದರೂ ಬೇರೆ ಕಥೆ ಹೇಳಬೇಕಿತ್ತು, ಮತ್ತು ಅದನ್ನು ಕೇಳಿಸಿಕೊಳ್ಳಬಲ್ಲ ಕಿವಿ ಈ ಊರಿನಲ್ಲಿ ಒಂದೇ ಇತ್ತು. ದುರದೃಷ್ಟಕ್ಕೆ ಆ ಕಿವಿ ಕುಲುಮೆಯಣ್ಣನ ಒಡಹುಟ್ಟಿದ ತಂಗಿಯದು.

ಅದಕ್ಕೆ ಅಕ್ಕನೇ ಒಂದು ದಾರಿ ಹುಡುಕಿದ್ದರು. ಮುರಿದ ಪಿನ್ನಿನ ಎರಡು ತುಂಡುಗಳನ್ನು ತಲೆಯಿಂದ ಬಾಲದವರೆಗೆ ಜೋಡಿಸಿ, ಆರು ಕಡೆ ಚೂರು ತೆಗೆಸಿದ್ದರು. ತೆಗೆದವರು ಇನ್ಸ್‌ಪೆಕ್ಟರರ ಪೇದೆ. ಆರಕ್ಕೂ ನಂಬರು ಹಾಕಿ ಕಲಸಿದವರು ಇನ್ಸ್‌ಪೆಕ್ಟರ್. ಯಾವ ನಂಬರು ಪಿನ್ನಿನ ಯಾವ ಜಾಗದ್ದು ಎಂಬ ಪಟ್ಟಿ ಅವರ ಅಂಗಿಯ ಜೇಬಿನಲ್ಲಿ, ಗುಂಡಿ ಹಾಕಿಕೊಂಡು ಭದ್ರವಾಗಿತ್ತು.

"ನಾನು ಯಾವಾಗಲೂ ಹೀಗೇ ಮಾಡೋದು ಸರ್. ಚೀಟಿ ನೋಡಿ ಉಕ್ಕು ನೋಡಿದರೆ ಚೀಟೀನೇ ಕಾಣುತ್ತೆ, ಉಕ್ಕು ಕಾಣಲ್ಲ."

ಈ ಮಾತನ್ನು ತಮ್ಮ ಇಲಾಖೆಯ ಗೋಡೆಯ ಮೇಲೆ ಬರೆಸಬೇಕೆಂದು ಇನ್ಸ್‌ಪೆಕ್ಟರರಿಗೆ ಅನ್ನಿಸಿತು.

ಅಕ್ಕ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು, ಆಮ್ಲ ತುಂಬಿದ ಗಾಜಿನ ಬಟ್ಟಲಿಗಿಳಿಸಿ, ಎರಡು ತಂತಿ ಸಿಕ್ಕಿಸಿ ವಿದ್ಯುತ್ ಹರಿಸಿದರು. ಗಡಿಯಾರದ ಮೇಲೆ ಕಣ್ಣು. ಒಂದೂವರೆ ನಿಮಿಷ. ತೆಗೆದು ತೊಳೆದು ಬಿಸಿಗಾಳಿಗೆ ಒಡ್ಡಿದರೆ ಕನ್ನಡಿ ಹೋಗಿ ಮಸುಕು ಬಂದಿತ್ತು.

"ಅಯ್ಯೋ, ಇಷ್ಟು ಹೊತ್ತು ಉಜ್ಜಿದ್ದೆಲ್ಲ ಹಾಳಾಯ್ತಲ್ಲ!"

"ಕನ್ನಡೀಲಿ ನಮ್ಮ ಮುಖ ಕಾಣುತ್ತೆ ಸರ್. ನಮಗೆ ಅದರ ಮುಖ ಬೇಕು."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಮ್ಯಾನೇಜರ್ ಸಾಹೇಬರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಹೊರಗಿನ ಲ್ಯಾಬಿನಿಂದ ಬಂದ ರಸಾಯನದ ವರದಿ. ಕಾರ್ಖಾನೆಯಲ್ಲಿ ಇಷ್ಟು ಇಸ್ತ್ರಿ ಮಾಡಿದ ಅಂಗಿ ತೊಡುವವರು ಅವರೊಬ್ಬರೇ.

"ಏನ್ ಸರ್ ಇದು? ಆರೋಪಿಯ ತಂಗಿ ಕೈಯಲ್ಲಿ ಸಾಕ್ಷಿ ಕೊಟ್ಟು ಕೂತಿದ್ದೀರಲ್ಲ! ಬೆಕ್ಕಿನ ಕೈಲಿ ಹಾಲು ಕಾಯಿಸಿದ ಹಾಗಾಯ್ತು."

"ಹಾಲು ಕಾಯ್ತಾ ಇರೋನು ನಾನು," ಅಂದರು ಇನ್ಸ್‌ಪೆಕ್ಟರ್. "ಹೇಳಿ, ಏನಿದೆ ಅದರಲ್ಲಿ?"

ಮ್ಯಾನೇಜರ್ ಕಾಗದವನ್ನು ಮೇಜಿಗೆ ಬಡಿದರು. "ನೈಟ್ರೋಜನ್! ನೂರಕ್ಕೆ ಸೊನ್ನೆ ಬಿಂದು ಆರು ಭಾಗ. ಮಾಮೂಲಿ ಉಕ್ಕಿನಲ್ಲಿರೋದರ ನೂರು ಪಟ್ಟು. ನೈಟ್ರೋಜನ್ ಅಂದರೆ ಏನು ಸರ್? ಗಾಳಿ. ಉಕ್ಕಿಗೆ ಗಾಳಿ ತುಂಬಿದರೆ ಏನಾಗುತ್ತೆ? ತೂತು ತೂತು ಜರಡಿ. ಬೇಕಂತಲೇ ತುಂಬಿದ್ದಾನೆ."

ಇನ್ಸ್‌ಪೆಕ್ಟರ್ ಆ ಕಾಗದವನ್ನು ಎತ್ತಿ ಎರಡು ಸಲ ಓದಿದರು. ಶಾಲೆಯಲ್ಲಿ ವಿಜ್ಞಾನದ ಮೇಷ್ಟರು ಅವರ ವಿಷಯದಲ್ಲಿ ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಸುಸ್ತಾಗಿದ್ದರು. ನೂರು ಪಟ್ಟು ಎಂದರೆ ನೂರು ಪಟ್ಟು.

ಅಕ್ಕ ವರದಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಇನ್ನೂ ಆಮ್ಲ ಮುಟ್ಟಿಸದ, ಕನ್ನಡಿಯಂತಿದ್ದ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕಕ್ಕೆ ಸರಿದರು.

"ಬನ್ನಿ ಸಾಹೇಬ್ರೇ. ಒಂದೇ ಒಂದು ತೂತು ತೋರಿಸಿ."

ಮ್ಯಾನೇಜರ್ ಕಣ್ಣಿಟ್ಟರು. ಬಿಲ್ಲೆಯನ್ನು ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಬೇರೆ ಬಿಲ್ಲೆ ಕೇಳಿದರು. ಅದನ್ನೂ ನೋಡಿದರು. ಇಸ್ತ್ರಿಯ ಅಂಗಿಯ ಬೆನ್ನು ನಿಧಾನವಾಗಿ ಒದ್ದೆಯಾಯಿತು.

"ಇಲ್ಲ," ಅಂದರು ಕೊನೆಗೆ, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ.

"ಇರಲ್ಲ. ಕರಗಿದ ಉಕ್ಕು ಹಿಡಿಯೋಷ್ಟು ನೈಟ್ರೋಜನ್ನನ್ನ ಗಟ್ಟಿಯಾಗುವಾಗ ಅದು ಹಿಡ್ಕೊಳ್ಳಲ್ಲ, ಉಗುಳುತ್ತೆ. ಆಗಲೇ ತೂತು ಬೀಳೋದು. ಎಷ್ಟು ಕ್ರೋಮಿಯಂ, ಎಷ್ಟು ಮ್ಯಾಂಗನೀಸ್ ಹಾಕಿದರೆ ಉಗುಳದೆ ಒಳಗಿಟ್ಕೊಳ್ಳುತ್ತೆ ಅನ್ನೋದನ್ನ ನಮ್ಮಣ್ಣ ಏಳು ವರ್ಷ ಕಲಿತ. ಒಲೆ ಮುಂದೆ ನಿಂತು ಹುಬ್ಬು ಸುಟ್ಕೊಂಡು ಕಲಿತ. ಆ ಸೊನ್ನೆ ಬಿಂದು ಆರು ಕುತಂತ್ರ ಅಲ್ಲ ಸಾಹೇಬ್ರೇ. ನೀವು ಸಹಿ ಮಾಡಿದ ಆರ್ಡರಿನಲ್ಲೇ ಅಷ್ಟಿರಬೇಕು ಅಂತ ಇದೆ."

ಮ್ಯಾನೇಜರ್ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಸಹಿ ಮಾಡುವವರೆಲ್ಲ ಓದಿರುತ್ತಾರೆ ಎಂದೇನೂ ಇಲ್ಲ.

"ಅಷ್ಟೊಂದು ಯಾಕೆ ಬೇಕು ಅಕ್ಕ?" ಇನ್ಸ್‌ಪೆಕ್ಟರ್ ಕೇಳಿದರು. ಈ ಬಾರಿ ಪೊಲೀಸನಾಗಿ ಅಲ್ಲ, ಕುತೂಹಲ ತಡೆಯಲಾರದೆ.

"ಅಯಸ್ಕಾಂತ ತೂಗೋ ಪಿನ್ನಿಗೇ ಅಯಸ್ಕಾಂತ ಹಿಡಿದರೆ ಕೆಲಸ ನಡೆಯುತ್ತಾ? ಅದಕ್ಕೆ ಅಂಟದ ಉಕ್ಕು ಬೇಕು. ಕಬ್ಬಿಣದ ಕಣಗಳು ಒಂದು ರೀತಿ ಜೋಡಿಸಿಕೊಂಡು ಕೂತರೆ ಅಂಟುತ್ತೆ, ಇನ್ನೊಂದು ರೀತಿ ಕೂತರೆ ಅಂಟಲ್ಲ. ಆದರೆ ಆ ಇನ್ನೊಂದು ರೀತಿ ಅವಕ್ಕೆ ಕೆಂಪಗೆ ಕಾದಾಗ ಮಾತ್ರ ಇಷ್ಟ. ಆರಿದ ಮೇಲೂ ಹಾಗೇ ಕೂರಿಸಬೇಕಂದರೆ ಹಿಂದೆಲ್ಲ ನಿಕಲ್ ಸುರೀತಿದ್ದರು, ದುಬಾರಿ. ನಮ್ಮಣ್ಣ ಆ ಕೆಲಸ ಗಾಳಿ ಕೈಲಿ ಮಾಡಿಸ್ತಾನೆ. ನೈಟ್ರೋಜನ್ ಕಣ ಚಿಕ್ಕದು. ಕಬ್ಬಿಣದ ಕಣಗಳ ಸಂದಿಯಲ್ಲಿ ನುಗ್ಗಿ ಕೂತ್ಕೊಳ್ಳುತ್ತೆ. ತುಂಬಿದ ಬಸ್ಸು ನೆನೆಸಿಕೊಳ್ಳಿ. ಸೀಟು ಸೀಟಿನ ನಡುವೆ ಜನ ನಿಂತಿದ್ದಾಗ ಯಾರಾದರೂ ಅಲ್ಲಾಡೋಕಾಗುತ್ತಾ? ಹಾಗೇ. ಅದಕ್ಕೇ ಅಂಟೋದೂ ಇಲ್ಲ, ಬಾಗೋದೂ ಇಲ್ಲ."

ಹೇಳುವಾಗ ಅಕ್ಕನ ದನಿ ಮೆತ್ತಗಾಯಿತು. ಪ್ರತಿ ಪಾಕದಿಂದಲೂ ಅಣ್ಣ ಒಂದು ಬಿಲ್ಲೆ ಕಳಿಸುತ್ತಿದ್ದ. ತಂಗಿ ಅದರ ಒಳಗಿನ ಫೋಟೋ ತೆಗೆದು ವಾಪಸು ಕಳಿಸುತ್ತಿದ್ದರು. ಕುಲುಮೆಯ ಪಕ್ಕದ ಗೋಡೆಯ ತುಂಬ ಅವನು ಆ ಫೋಟೋಗಳನ್ನೇ ಅಂಟಿಸಿಕೊಂಡಿದ್ದನ್ನು ಇನ್ಸ್‌ಪೆಕ್ಟರ್ ಕಣ್ಣಾರೆ ಕಂಡಿದ್ದರು. ಬೇರೆಯವರ ಮನೆಯ ಗೋಡೆಯಲ್ಲಿ ಮದುವೆಯ ಫೋಟೋ ಇರುವ ಹಾಗೆ.

"ನೋಡಿ ಸರ್. ಇದು ಆಮ್ಲ ಮುಟ್ಟಿದ್ದು. ನಾಲ್ಕನೇ ನಂಬರು."

ಇನ್ಸ್‌ಪೆಕ್ಟರ್ ಕಣ್ಣಿಟ್ಟರು. ಮೊದಲು ಮಬ್ಬು. ಅಕ್ಕನ ಬೆರಳು ಪಕ್ಕದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿತು.

"ಓಹೋಹೋ!"

ಉಕ್ಕೆಂದರೆ ಒಂದೇ ಮುದ್ದೆ ಎಂದು ಐವತ್ತು ವರ್ಷ ನಂಬಿದ್ದ ಮನುಷ್ಯ ಅವರು. ಕೆಳಗೆ ಹರಳು ಹರಳಾಗಿ, ಮಹಡಿಯಿಂದ ಕಂಡ ಗದ್ದೆಬಯಲಿನ ಹಾಗೆ, ಒಂದಕ್ಕೊಂದು ಒತ್ತಿ ಕೂತ ನೂರಾರು ಕ್ಷೇತ್ರಗಳು. ನಡುವೆ ಗಡಿ ಅಂದರೆ ಒಂದು ಸಣ್ಣ ಮೆಟ್ಟಿಲಿನ ನೆರಳು, ಅಷ್ಟೇ. ಕೆಲವು ಹರಳುಗಳನ್ನು ಅಡ್ಡಡ್ಡ ಹಾಯ್ದ, ಅಡಿಪಟ್ಟಿ ಇಟ್ಟು ಎಳೆದಂಥ ಜೋಡಿಗೆರೆಗಳು. ಒಂದು ಕಸ ಇಲ್ಲ, ಕಲೆ ಇಲ್ಲ. ಕುಲುಮೆಯಣ್ಣನ ಒಡೆದ ಕೈಗಳು, ಮಸಿ ಹಿಡಿದ ಉಗುರುಗಳು ಇನ್ಸ್‌ಪೆಕ್ಟರರ ಕಣ್ಣ ಮುಂದೆ ಬಂದವು. ಆ ಕೈಗಳು ಇಷ್ಟು ಅಚ್ಚುಕಟ್ಟಾದದ್ದನ್ನು ಮಾಡಿದ್ದವು, ಅದೂ ತಾವು ಕಾಣಲಾಗದ ಕಡೆ.

"ಎಷ್ಟು ಚೆಂದ ಇದೆ ಅಕ್ಕ," ಅಂದರು. ಹೇಳಿದ ಮೇಲೆ ನಾಚಿಕೆಯಾಯಿತು.

"ಹೌದಲ್ವಾ?" ಅಕ್ಕ ಆ ದಿನ ಮೊದಲ ಸಲ ನಕ್ಕರು. "ಈಗ ಎರಡನೇ ನಂಬರು ನೋಡಿ."

ಅದೇ ಗದ್ದೆಬಯಲು. ಆದರೆ ಪ್ರತಿ ಹರಳಿನ ಸುತ್ತ ಯಾರೋ ಗುದ್ದಲಿ ಹಿಡಿದು ಕಾಲುವೆ ತೋಡಿದ ಹಾಗೆ ದಪ್ಪ ಕಪ್ಪು ಗಡಿ. ಕೆಲವು ಕಡೆ ಗಡಿಯಿಂದ ಒಳಕ್ಕೆ ಪದರು ಪದರಾಗಿ ಏನೋ ಹಬ್ಬಿತ್ತು.

"ಇದೇನು? ಬೇರೆ ಉಕ್ಕಾ?"

"ಅದೇ ಉಕ್ಕು. ಅದೇ ನೈಟ್ರೋಜನ್, ಒಂದು ಕಣ ಹೆಚ್ಚಿಲ್ಲ, ಕಮ್ಮಿ ಇಲ್ಲ. ಸಾಹೇಬರ ವರದಿ ಎಷ್ಟಿದೆ ಅಂತ ಹೇಳುತ್ತೆ. ಎಲ್ಲಿ ಕೂತಿದೆ ಅಂತ ಹೇಳಲ್ಲ." ಅಕ್ಕನ ನಗು ಹೋಗಿತ್ತು. "ಸಾವಿರದ ನೂರು ಡಿಗ್ರೀಲಿ ಕಾಯಿಸಿ ತಕ್ಷಣ ನೀರಿಗೆ ಅದ್ದಿದರೆ ನೈಟ್ರೋಜನ್ ನಿಂತಲ್ಲೇ ನಿಲ್ಲುತ್ತೆ. ಆಮೇಲೆ ಯಾರಾದರೂ ಎಂಟುನೂರು ಡಿಗ್ರಿ ಸುಮಾರಿಗೆ ಇನ್ನೊಮ್ಮೆ ಕಾಯಿಸಿ ಗಂಟೆಗಟ್ಟಲೆ ಇಟ್ಟರು ಅಂದ್ಕೊಳ್ಳಿ. ಬಸ್ಸು ನಿಂತಿತು, ಜನ ಬಾಗಿಲ ಕಡೆ ಸರಿದರು. ಗಡಿಗೆ ಬಂದು ಕ್ರೋಮಿಯಂ ಕೈ ಹಿಡಿದು ನೈಟ್ರೈಡ್ ಅನ್ನೋ ಗಡುಸು ಪದಾರ್ಥವಾಗಿ ಗಟ್ಟಿ ಕೂತರು. ಗಡಿ ಗಾಜಿನ ಹಾಗೆ ಪೆಡಸು. ಒಂದು ಏಟು ಸಾಕು."

ಪಿನ್ನಿನ ಮುರಿದ ಮುಖ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗಿದ್ದು ಇನ್ಸ್‌ಪೆಕ್ಟರರಿಗೆ ನೆನಪಾಯಿತು. ಉಕ್ಕು ಹರಳುಗಳ ನಡುವೆ ಬಿರಿದಿತ್ತು, ಹರಳುಗಳ ಒಳಗೆ ಅಲ್ಲ.

"ಹಾಗಾದರೆ ನೀರಿಗೆ ಅದ್ದೋನು ಸರಿಯಾಗಿ ಅದ್ದಿಲ್ಲ," ಮ್ಯಾನೇಜರ್ ಹೊಸ ಕೊಂಬೆ ಹಿಡಿದರು. "ತಣ್ಣಗೆ ಹೊರಗೆ ಆರೋಕೆ ಬಿಟ್ಟಿದ್ದಾನೆ."

"ಒಂದೇ ಪಿನ್ನು ಸಾಹೇಬ್ರೇ, ಒಂದೇ ಮುಳುಗು. ಅರ್ಧ ಮೈಗೆ ಮಾತ್ರ ಸ್ನಾನ ಆಗುತ್ತಾ?" ಅಕ್ಕ ಉಳಿದ ಬಿಲ್ಲೆಗಳಿಗೂ ಆಮ್ಲ ಮುಟ್ಟಿಸಿ ನೋಡಿ, ಆರನ್ನೂ ಮೂರು ಗುಂಪು ಮಾಡಿದರು. "ನಾಲ್ಕು, ಒಂದು: ಚೊಕ್ಕಟ. ಎರಡು, ಆರು, ಮೂರು: ಗಡಿ ಕೆಟ್ಟಿದೆ. ಐದು: ಈ ಅಂಚು ಚೊಕ್ಕಟ, ಆ ಅಂಚು ಕೆಟ್ಟಿದೆ. ಈಗ ನಿಮ್ಮ ಪಟ್ಟಿ ತೆಗೀರಿ ಸರ್."

ಇನ್ಸ್‌ಪೆಕ್ಟರ್ ಜೇಬಿನ ಗುಂಡಿ ಬಿಚ್ಚಿದರು. ತಲೆಯ ಕಡೆಯಿಂದ ಬಾಲದ ಕಡೆಗೆ ಅವರೇ ಬರೆದ ಕ್ರಮ: ಒಂದು, ನಾಲ್ಕು, ಐದು, ಆರು, ಎರಡು, ಮೂರು.

ಒಂದು ನಂಬರೂ ಆಚೀಚೆ ಇರಲಿಲ್ಲ. ತಲೆಯಿಂದ ಇಷ್ಟು ದೂರ ಚೊಕ್ಕಟ, ಐದನೆಯದರಲ್ಲಿ ಗೆರೆ, ಅಲ್ಲಿಂದ ಬಾಲದವರೆಗೆ ಕೆಡುಕು. ಚೀಟಿ ನೋಡದೆ, ಬರೀ ಗಡಿ ನೋಡಿ ಈ ಹೆಂಗಸು ಪಿನ್ನನ್ನು ಮತ್ತೆ ಜೋಡಿಸಿದ್ದರು. ಇನ್ಸ್‌ಪೆಕ್ಟರರಿಗೆ ಎದ್ದು ನಿಂತು ಸೆಲ್ಯೂಟ್ ಹೊಡೆಯಬೇಕೆನ್ನಿಸಿತು. ಮ್ಯಾನೇಜರ್ ಇದ್ದುದರಿಂದ ಸುಮ್ಮನಾದರು.

"ಅಂದರೆ ಪಿನ್ನು ಮೊದಲು ಸರಿಯಾಗೇ ಇತ್ತು," ಅವರು ನಿಧಾನವಾಗಿ ಅಂದರು. "ತಪಾಸಣೆ ಪಾಸಾದ ಮೇಲೆ ಯಾರೋ ಅದರ ಬಾಲವನ್ನ ಒಲೆಗೆ ತುರುಕಿದ್ದಾರೆ."

"ಕಾದಾಗ ಮೈ ಕಪ್ಪಾಗುತ್ತೆ. ಅದನ್ನ ಎಮರಿ ಕಾಗದದಲ್ಲಿ ಉಜ್ಜಿ ತೆಗೆದಿದ್ದಾರೆ. ಉಜ್ಜಿದ ಗೀರು ಬಾಲದ ಕಡೆ ಮಾತ್ರ ಇದೆ. ಆಗಲೇ ನೋಡಿದೆ, ಆದರೆ ಬರೀ ಗೀರು ನೋಡಿ ಹೇಳಬಾರದು ಅಂತ ಸುಮ್ಮನಿದ್ದೆ."

"ಇದೆಲ್ಲ ಕಟ್ಟುಕತೆ!" ಮ್ಯಾನೇಜರ್ ಬಾಗಿಲ ಕಡೆ ನಡೆದರು. "ನಾನು ನಿಮ್ಮ ದೊಡ್ಡ ಸಾಹೇಬರಿಗೇ ಫೋನ್ ಮಾಡ್ತೀನಿ. ತಂಗಿ ಬಾಯಲ್ಲಿ ಅಣ್ಣ ಯಾವತ್ತೂ ಚಿನ್ನವೇ."

ಬಾಗಿಲು ಬಡಿದುಕೊಂಡಿತು. ಗಂಟೆ ನಾಲ್ಕೂಕಾಲು.

ಇನ್ಸ್‌ಪೆಕ್ಟರ್ ಕೈ ಉಜ್ಜಿಕೊಂಡರು. ಕುಲುಮೆಯಣ್ಣ ಬಚಾವಾದ ಎಂದು ಅವರ ಮನಸ್ಸು ಆಗಲೇ ಹಗುರಾಗಿತ್ತು. "ಅಕ್ಕ, ನಿಮ್ಮಣ್ಣನಿಗೆ ಸಂಜೆ ಟೀ ಮನೇಲೇ. ಇನ್ನೊಂದೇ ಪ್ರಶ್ನೆ. ಅಂಥ ಒಲೆ ಎಲ್ಲಿದೆ? ಬಾಲ ಮಾತ್ರ ಹಿಡಿದು ತಲೆ ಹೊರಗೆ ಬಿಡೋ ಒಲೆ?"

ಅಕ್ಕ ಆರು ಬಿಲ್ಲೆಗಳನ್ನು ಹತ್ತಿಯ ಮೇಲೆ ಒಂದೊಂದಾಗಿ ಜೋಡಿಸುತ್ತಿದ್ದರು. ಅವರು ಅದನ್ನು ಎರಡು ಸಲ ಜೋಡಿಸಿದ್ದನ್ನು ಇನ್ಸ್‌ಪೆಕ್ಟರ್ ಗಮನಿಸಿದರು.

"ಕೆಳಗಿನ ಶೆಡ್ಡಿನ ಒಲೆಗಳು?"

"ಅವು ಇಂಥ ಐವತ್ತು ಪಿನ್ನು ಒಟ್ಟಿಗೆ ನುಂಗಿ ಬಾಗಿಲು ಹಾಕ್ಕೊಳ್ತವೆ ಸರ್. ಅದರಲ್ಲಿಟ್ಟಿದ್ದರೆ ಪೂರ್ತಿ ಕೆಡ್ತಿತ್ತು."

"ಗ್ಯಾಸಿನ ಬೆಂಕಿ ಹಿಡಿದಿದ್ದರೆ?"

"ಒಂದು ಮಗ್ಗುಲು ಹೆಚ್ಚು, ಒಂದು ಮಗ್ಗುಲು ಕಮ್ಮಿ ಆಗ್ತಿತ್ತು. ಇದು ಸುತ್ತಲೂ ಒಂದೇ ಸಮ ಇದೆ. ವಿದ್ಯುತ್ತಿನ ಒಲೆ, ಚಿಕ್ಕದು." ಅಕ್ಕ ಮೇಜಿನ ಖಾನೆಯಿಂದ ಅಳತೆಪಟ್ಟಿ ತೆಗೆದು ಅವರ ಕಡೆ ಚಾಚಿದರು. "ಬಾಲದ ತುದಿಯಿಂದ ಐದನೇ ನಂಬರಿನ ಚೂರು ತೆಗೆದ ಜಾಗದ ಗೆರೆವರೆಗೆ ಅಳೀರಿ. ನೀವೇ ಅಳೀರಿ. ನಾನು ಅಳೆದರೆ ತಂಗಿ ಅಳೆದ ಹಾಗಾಗುತ್ತೆ."

ಪಿನ್ನಿನ ತುಂಡುಗಳನ್ನು ಜೋಡಿಸಿ ಅಳೆದರು. ಇಪ್ಪತ್ತೆಂಟು ಸೆಂಟಿಮೀಟರ್.

ಅಕ್ಕ ತಲೆಯಾಡಿಸಿದರು. ಆ ಸಂಖ್ಯೆ ಮೊದಲೇ ಗೊತ್ತಿದ್ದವರ ತಲೆಯಾಟ ಅದು. ಎದ್ದು, ಲ್ಯಾಬಿನ ಹಿಂಬಾಗಿಲಿನ ಬೀಗ ತೆರೆದು, ಕಿಟಕಿಯಿಲ್ಲದ ಸಣ್ಣ ಕೋಣೆಗೆ ಕರೆದೊಯ್ದು ದೀಪ ಹಾಕಿದರು. ಕಲ್ಲಿನ ಕಟ್ಟೆಯ ಮೇಲೆ ಕಬ್ಬಿಣದ ಪೆಟ್ಟಿಗೆಯಂಥದೊಂದು. ಮುಂದೆ ಗೇಣಗಲದ ಬಾಗಿಲು, ಒಳಗೆ ಬಿಳಿ ಇಟ್ಟಿಗೆಯ ಗೂಡು.

"ಇದನ್ನೂ ಅಳೀರಿ. ಒಳಗಿನ ಆಳ."

ಇನ್ಸ್‌ಪೆಕ್ಟರ್ ಪಟ್ಟಿಯನ್ನು ಗೂಡಿನೊಳಗೆ ತೂರಿಸಿದರು. ಹಿಂದಿನ ಇಟ್ಟಿಗೆಗೆ ತಾಗಿ ನಿಂತಿತು. ಅವರು ಸಂಖ್ಯೆ ಓದಲಿಲ್ಲ. ಓದಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಪಟ್ಟಿಯನ್ನೇ ನೋಡುತ್ತ ನಿಂತರು.

"ಇಪ್ಪತ್ತೆಂಟು," ಅಕ್ಕನೇ ಅಂದರು. "ಕಾರ್ಖಾನೇಲಿ ಇಷ್ಟು ಚಿಕ್ಕ ಒಲೆ ಇದೊಂದೇ. ಬಾಗಿಲಿನ ಸಂದಿಗೆ ಬೆಂಕಿಗೆ ಸುಡದ ಉಣ್ಣೆ ತುರುಕಿದರೆ ಪಿನ್ನಿನ ತಲೆ ಹೊರಗಿದ್ದರೂ ಕಾಯುತ್ತೆ."

"ಅಕ್ಕ... ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಐದನೇ ನಂಬರಿನ ಚೂರು ನೋಡಿದಾಗ."

ಆ ಚೂರನ್ನು ಅವರು ಪಟ್ಟಿ ಕೇಳುವ ಮೊದಲೇ ನೋಡಿದ್ದರು. ಅದನ್ನೊಂದು ಪಕ್ಕಕ್ಕೆ ಸರಿಸಿ ಉಳಿದ ಐದನ್ನು ತೋರಿಸಿದ್ದರೂ ಅಣ್ಣ ಬಚಾವಾಗುತ್ತಿದ್ದ. ಗೆರೆ ಎಲ್ಲಿದೆ ಎಂದು ಯಾರಿಗೂ ನಿಖರವಾಗಿ ತಿಳಿಯುತ್ತಿರಲಿಲ್ಲ. ಎಷ್ಟೋ ಜನ ದೊಡ್ಡವರನ್ನು ಇನ್ಸ್‌ಪೆಕ್ಟರ್ ಕಂಡಿದ್ದರು. ಇಂಥ ನೆಟ್ಟಗಿನವರನ್ನು ಕಂಡಿರಲಿಲ್ಲ.

"ಈ ಕೋಣೆ ಬೀಗದ ಕೈ ಯಾರ ಯಾರ ಹತ್ರ ಇದೆ?"

"ಒಂದೇ ಕೈ ಇರೋದು ಸರ್." ಅಕ್ಕ ಸೊಂಟದಿಂದ ಗೊಂಚಲು ತೆಗೆದು ಕಲ್ಲಿನ ಕಟ್ಟೆಯ ಮೇಲಿಟ್ಟರು. "ಹನ್ನೊಂದು ವರ್ಷದಿಂದ ನನ್ನ ಸೊಂಟ ಬಿಟ್ಟಿಲ್ಲ. ನಾನು ಯಾರಿಗೂ ಕೊಟ್ಟಿಲ್ಲ. ನಾನು ಆ ಪಿನ್ನನ್ನ ಇದರಲ್ಲಿ ಇಟ್ಟೂ ಇಲ್ಲ. ಆದರೆ ಅದಕ್ಕೆ ಸಾಕ್ಷಿ ಈ ಉಕ್ಕಿನಲ್ಲಿಲ್ಲ."

ಇನ್ಸ್‌ಪೆಕ್ಟರರ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ದೊಡ್ಡ ಸಾಹೇಬರು.

"ಏನಯ್ಯಾ, ಮ್ಯಾನೇಜರ್ ಏನೇನೋ ಹೇಳ್ತಾನೆ. ಕುಲುಮೆಯವನು ಅಲ್ಲವಂತೆ? ಹಾಗಾದರೆ ಯಾರು? ಐದಕ್ಕೆ ನನಗೆ ಒಂದು ಹೆಸರು ಬೇಕು."

ಇನ್ಸ್‌ಪೆಕ್ಟರ್ ಮೊಬೈಲನ್ನು ಅಂಗೈಯಿಂದ ಮುಚ್ಚಿ ಹಿಡಿದರು. ಎದುರಿಗೆ ಕನ್ನಡಿ ಅಕ್ಕ ಕಲ್ಲಿನ ಕಟ್ಟೆಯ ಮೇಲೆ ತಮ್ಮ ಪರೀಕ್ಷೆಯ ವರದಿಯ ಹಾಳೆ ಹರಡಿ, ಒಲೆಯ ಆಳವನ್ನೂ ಬೀಗದ ಕೈಯನ್ನೂ ಬರೆದು, ಕೆಳಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

"ಹೇಳಿ ಸರ್," ಅಂದರು ಅವರು ಮೆಲ್ಲಗೆ. "ಅಣ್ಣನ್ನ ಬಿಟ್ಟುಬಿಡಿ ಅಂತ ಮೊದಲು ಹೇಳಿ. ಆಮೇಲೆ ನನ್ನ ಹೆಸರು ಹೇಳಿ."